ಆ ರೈಲು ಸಿಕ್ಕಿದ್ದರೆ, ತಪ್ಪಿದ್ದರೆ: ಇಂಥ ಸಿನಿಮಾಗಳಲ್ಲಿ ಮೊದಲು ಯಾವುದು ನೋಡಬೇಕು?

ನಮ್ಮಪ್ಪ 1979ರಲ್ಲಿ ಒಂದು ಬಸ್ ತಪ್ಪಿಸಿಕೊಂಡರು. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಇತ್ತು. ಹಿಂದಿನ ರಾತ್ರಿಯೆಲ್ಲ ಮಳೆ ಹೊಡೆದು ಊರಾಚೆಯ ಹಳ್ಳ ತುಂಬಿತ್ತು. ನೀರು ಇಳಿಯುವ ತನಕ ಕಾದು, ಪ್ಯಾಂಟು ಮಡಚಿಕೊಂಡು ಹಳ್ಳ ದಾಟಿ, ತರೀಕೆರೆ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬೆಂಗಳೂರು ಬಸ್ ಹೋಗಿ ಹತ್ತು ನಿಮಿಷ ಆಗಿತ್ತು. ವಾಪಸ್ ನಡೆದು ಬರುವಾಗ ದಾರಿಯಲ್ಲಿ ಅವರಿಗೆ ಪಾಠ ಮಾಡಿದ್ದ ಮೇಷ್ಟ್ರೊಬ್ಬರು ಸಿಕ್ಕರು. "ಸುಮ್ನೆ ಮನೇಲಿ ಕೂರೋ ಬದಲು ನಮ್ಮ ಸ್ಕೂಲಿಗೆ ಬಾರಯ್ಯ, ಒಬ್ರು ರಜೆ ಹಾಕಿದಾರೆ, ಮೂರು ತಿಂಗಳು ಪಾಠ ಮಾಡು" ಅಂದರು. ಆ ಮೂರು ತಿಂಗಳು ಮೂವತ್ತೈದು ವರ್ಷವಾಯಿತು. ಆ ಸ್ಕೂಲಿನ ಎದುರು ಮನೆಯೇ ಅಮ್ಮನದು.

ಈ ಕಥೆ ನಮ್ಮ ಮನೆಯಲ್ಲಿ ನೂರು ಸಲ ಆಗಿದೆ. ಪ್ರತಿ ಸಲವೂ ಅದೇ ವಾದ. ಅಮ್ಮ ಹೇಳುತ್ತಾರೆ, "ಆ ಹಳ್ಳ ತುಂಬದೇ ಇದ್ದಿದ್ರೆ ನೀನೂ ಇಲ್ಲ, ನಿನ್ನ ತಂಗೀನೂ ಇಲ್ಲ." ಅಪ್ಪ ಒಪ್ಪುವುದಿಲ್ಲ. "ಋಣ ಇತ್ತು ಕಣೇ. ಬಸ್ ಸಿಕ್ಕಿದ್ರೂ ಎಲ್ಲೋ ಒಂದು ಕಡೆ ನೀನು ಸಿಕ್ಕೇ ಸಿಗ್ತಿದ್ದೆ." ತಂಗಿಗೆ ಇಬ್ಬರ ಮಾತೂ ಹಿಡಿಸುವುದಿಲ್ಲ. "ನಾನಾಗಿದ್ರೆ ಲಾರಿ ಹತ್ಕೊಂಡಾದ್ರೂ ಆ ಬಸ್ ಹಿಡೀತಿದ್ದೆ" ಅನ್ನುತ್ತಾಳೆ.

ಒಂದು ಸಣ್ಣ ಗಳಿಗೆ, ಅಲ್ಲಿಂದ ಬದುಕು ಎರಡಾಗಿಯೋ ಮೂರಾಗಿಯೋ ಕವಲೊಡೆಯುವುದು, ಇಂಥ ಸಿನಿಮಾಗಳನ್ನು ನಾನು ಹುಡುಕಿಕೊಂಡು ನೋಡಲು ಈ ವಾದವೇ ಕಾರಣ. ನೋಡುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಮೇಲೆ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾರೋ ಓಡುತ್ತಾರೆ, ರೈಲು ಹೊರಡುತ್ತದೆ, ಒಂದು ಕಥೆಯಲ್ಲಿ ಸಿಗುತ್ತದೆ, ಇನ್ನೊಂದರಲ್ಲಿ ತಪ್ಪುತ್ತದೆ. ಆದರೆ ಒಳಗೆ ಪ್ರತಿಯೊಂದೂ ನಮ್ಮ ಮನೆಯ ಯಾರಾದರೊಬ್ಬರ ಪರ ನಿಂತಿರುತ್ತದೆ. ಒಂದು ಅಮ್ಮನ ಪರ, ಒಂದು ಅಪ್ಪನ ಪರ, ಒಂದು ತಂಗಿಯ ಪರ. ಯಾವುದನ್ನು ಮೊದಲು ನೋಡಬೇಕು ಅಂತ ಕೇಳುವವರಿಗೆ ನಾನು ಕೇಳುವ ಮರುಪ್ರಶ್ನೆಯೂ ಅದೇ: ಈ ಮೂವರಲ್ಲಿ ನೀವು ಯಾರು?

ಕೊನೆಗಳನ್ನು ಬಿಚ್ಚಿ ಹೇಳುವುದಿಲ್ಲ, ಧೈರ್ಯವಾಗಿ ಓದಿ.

ಹೆಚ್ಚಿನವರು ಶುರು ಮಾಡುವುದು 'ಸ್ಲೈಡಿಂಗ್ ಡೋರ್ಸ್'ನಿಂದ. 1998ರ ಇಂಗ್ಲಿಷ್ ಸಿನಿಮಾ, ನಿರ್ದೇಶಕ ಪೀಟರ್ ಹೋವಿಟ್. ಲಂಡನ್ನಿನಲ್ಲಿ ಹೆಲೆನ್ ಎಂಬ ಹುಡುಗಿಗೆ ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ಕೆಲಸ ಹೋಗುತ್ತದೆ. ಆ ಪಾತ್ರ ಮಾಡಿರುವುದು ಗ್ವಿನೆತ್ ಪಾಲ್ಟ್ರೋ. ಮನೆಗೆ ವಾಪಸ್ ಹೊರಟವಳು ನೆಲದಡಿ ರೈಲಿನ ಮೆಟ್ಟಿಲು ಇಳಿಯುತ್ತಿದ್ದಾಳೆ. ಎದುರಿಗೆ ಗೊಂಬೆ ಹಿಡಿದ ಒಂದು ಪುಟ್ಟ ಮಗು ಅಡ್ಡ ಬರುತ್ತದೆ. ಒಂದು ಕಥೆಯಲ್ಲಿ ಮಗುವಿನ ಅಮ್ಮ ಅದನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ, ಹೆಲೆನ್ ಒಳಗೆ ನುಗ್ಗುತ್ತಾಳೆ. ಇನ್ನೊಂದರಲ್ಲಿ ಒಂದೆರಡು ಕ್ಷಣ ತಡವಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ರೈಲು ಹಿಡಿದವಳು ಮನೆಗೆ ಬೇಗ ಮುಟ್ಟಿ, ಜೊತೆಗಾರ ಜೆರ್ರಿ ಇನ್ನೊಬ್ಬಳ ಜೊತೆ ಇರುವುದನ್ನು ಕಣ್ಣಾರೆ ನೋಡುತ್ತಾಳೆ. ತಪ್ಪಿಸಿಕೊಂಡವಳು ಬೀದಿಯಲ್ಲಿ ಕಳ್ಳನ ಕೈಗೆ ಸಿಕ್ಕಿ ಪೆಟ್ಟು ತಿಂದು, ಆಸ್ಪತ್ರೆ ಸುತ್ತಿಕೊಂಡು ತಡವಾಗಿ ಮನೆಗೆ ಬರುತ್ತಾಳೆ. ಅಷ್ಟರಲ್ಲಿ ಅವನ ಗುಟ್ಟು ಬಚಾವಾಗಿರುತ್ತದೆ.

ಇದರ ದೊಡ್ಡ ಅನುಕೂಲ ಏನೆಂದರೆ ಗೊಂದಲವಿಲ್ಲ. ಎರಡು ಬದುಕನ್ನೂ ಹೆಣೆದು ಒಟ್ಟಿಗೇ ತೋರಿಸುತ್ತಾರೆ, ಆದರೆ ಒಬ್ಬ ಹೆಲೆನ್ ಕೂದಲು ಕತ್ತರಿಸಿ ಬಣ್ಣ ಹಚ್ಚಿಸಿಕೊಳ್ಳುತ್ತಾಳೆ, ಇನ್ನೊಬ್ಬಳದು ಮೊದಲಿನ ಉದ್ದ ಕೂದಲೇ. ಅಡುಗೆಮನೆಗೆ ಹೋಗಿ ಕಾಫಿ ತಂದು ಕೂತರೂ ಯಾರು ಯಾರು ಅಂತ ಗೊತ್ತಾಗಿಬಿಡುತ್ತದೆ. ಒಂದೂವರೆ ಗಂಟೆ ಚಿಲ್ಲರೆ, ಪ್ರೀತಿಯ ಕಥೆ, ನಗು ಇದೆ, ಮನೆಮಂದಿ ಕೂತು ನೋಡಬಹುದು.

ಇದು ಪೂರ್ತಿ ಅಪ್ಪನ ಸಿನಿಮಾ. ರೈಲು ಸಿಗಲಿ ತಪ್ಪಲಿ, ಸಿಗಬೇಕಾದವರು ಸಿಗುತ್ತಾರೆ, ಬಯಲಾಗಬೇಕಾದ ಸುಳ್ಳು ಬಯಲಾಗುತ್ತದೆ, ದಾರಿ ಮಾತ್ರ ಹತ್ತಿರವೋ ದೂರವೋ ಆಗುತ್ತದೆ ಅನ್ನುವುದು ಅದರ ನಂಬಿಕೆ. ನಾವು ಋಣಾನುಬಂಧ ಅನ್ನುವುದನ್ನೇ ಲಂಡನ್ನಿನ ಸಿನಿಮಾ ಅದರ ಹೆಸರು ಹೇಳದೆ ತೋರಿಸುತ್ತದೆ. ಅಪ್ಪ ನೋಡಿ ಬಹಳ ಖುಷಿಪಟ್ಟರು. ನನಗೆ ಮಾತ್ರ ಒಂದು ಕೊರತೆ ಕಂಡಿತು. ಜೆರ್ರಿ ಎಷ್ಟು ಪುಕ್ಕಲ, ಎಷ್ಟು ಸುಳ್ಳ ಅಂದರೆ ಅವನನ್ನು ಬಿಟ್ಟು ಹೋಗುವುದೇ ಸರಿ ಅನ್ನುವುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ದಾರಿಯಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಅಂತ ಮೊದಲೇ ತೀರ್ಮಾನವಾಗಿಬಿಟ್ಟರೆ ನೋಡುವವರಿಗೆ ಯೋಚಿಸಲು ಉಳಿಯುವುದು ಕಡಿಮೆ, ಅಲ್ವಾ?

ಇದೇ ಎಳೆ ನಮಗೆ ಹತ್ತಿರದ ಊರಿನಲ್ಲಿ ಬೇಕೆಂದರೆ 2001ರ ತಮಿಳು ಸಿನಿಮಾ '12ಬಿ' ಇದೆ. ಛಾಯಾಗ್ರಾಹಕ ಜೀವಾ ಅವರ ಮೊದಲ ನಿರ್ದೇಶನ. ಶ್ಯಾಮ್, ಸಿಮ್ರನ್, ಜ್ಯೋತಿಕಾ ಇದ್ದಾರೆ. 12ಬಿ ಅನ್ನುವುದು ಚೆನ್ನೈನ ಬಸ್ ನಂಬರ್. ಇಂಟರ್‌ವ್ಯೂಗೆ ಹೊರಟ ಹುಡುಗ ಆ ಬಸ್ ಹಿಡಿದರೆ ಕಂಪನಿ ಕೆಲಸ, ತಪ್ಪಿಸಿಕೊಂಡರೆ ಮೆಕ್ಯಾನಿಕ್ ಬದುಕು. ನಮ್ಮಪ್ಪನ ಕಥೆಗೆ ಇದಕ್ಕಿಂತ ಹತ್ತಿರದ ಸಿನಿಮಾ ಇನ್ನೊಂದಿಲ್ಲ. ಹಾಡು, ಹಾಸ್ಯ ಎಲ್ಲ ಸೇರಿ ಸ್ವಲ್ಪ ಉದ್ದವಾಯಿತು ಅನ್ನಿಸಬಹುದು. ಆದರೆ ಒಂದು ವಿಷಯದಲ್ಲಿ ಇದು ಲಂಡನ್ ಸಿನಿಮಾವನ್ನು ಮೀರುತ್ತದೆ. ನಮ್ಮಲ್ಲಿ ಒಂದು ಕೆಲಸ ಸಿಗುವುದು ಬಿಡುವುದು ಅಂದರೆ ಏನು, ಅದರ ಮೇಲೆ ಇಡೀ ಮನೆಯ ಲೆಕ್ಕಾಚಾರ ಹೇಗೆ ನಿಂತಿರುತ್ತದೆ ಅನ್ನುವುದು ಇದಕ್ಕೆ ಗೊತ್ತು. ಹೆಲೆನ್‌ಗೆ ಕೆಲಸ ಹೋದರೆ ಹೋಟೆಲಲ್ಲಿ ಸ್ಯಾಂಡ್‌ವಿಚ್ ಕೊಟ್ಟು ಬದುಕುತ್ತಾಳೆ, ಯಾರೂ ಬಂದು ಕೇಳುವುದಿಲ್ಲ. ಇಲ್ಲಿ ಬಸ್ ತಪ್ಪಿತು ಅಂದರೆ ಬೀದಿಯವರೆಲ್ಲ ಕೇಳುತ್ತಾರೆ.

ಈಗ ತಂಗಿಯ ಸಿನಿಮಾಕ್ಕೆ ಬರೋಣ. 'ರನ್ ಲೋಲಾ ರನ್', ಇದೂ 1998ರದೇ, ಜರ್ಮನಿಯ ಟಾಮ್ ಟೈಕ್ವರ್ ನಿರ್ದೇಶನ. ಬರ್ಲಿನ್‌ನಲ್ಲಿ ಲೋಲಾಗೆ ಫೋನ್ ಬರುತ್ತದೆ. ಅವಳ ಹುಡುಗ ಮ್ಯಾನಿ ಒಬ್ಬ ರೌಡಿಯ 1,00,000 ಮಾರ್ಕ್ ಹಣವಿದ್ದ ಚೀಲವನ್ನು ರೈಲಿನಲ್ಲಿ ಬಿಟ್ಟು ಇಳಿದುಬಿಟ್ಟಿದ್ದಾನೆ. ಟಿಕೆಟ್ ಚೆಕ್ ಮಾಡುವವರನ್ನು ಕಂಡು ಹೆದರಿ ಇಳಿದದ್ದು, ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ಆ ಹಣ ಹೊಂದಿಸದಿದ್ದರೆ ಅವನ ಕಥೆ ಮುಗಿಯುತ್ತದೆ. ಲೋಲಾ ಓಡಲು ಶುರು ಮಾಡುತ್ತಾಳೆ. ಫ್ರಾಂಕಾ ಪೊಟೆಂಟೆಯ ಕೆಂಪು ಕೂದಲು, ಎದೆ ಬಡಿತದ ಹಾಗೆ ಹೊಡೆಯುವ ಸಂಗೀತ, ಬೀದಿ ಮೇಲೆ ಬೀದಿ. ಒಂದು ಓಟ ಕೆಟ್ಟದಾಗಿ ಮುಗಿಯುತ್ತದೆ. ಮತ್ತೆ ಮೊದಲಿಂದ. ಒಟ್ಟು ಮೂರು ಓಟ.

ಪ್ರತಿ ಓಟದಲ್ಲೂ ವ್ಯತ್ಯಾಸ ಹುಟ್ಟುವುದು ಅವಳ ಮನೆಯ ಮೆಟ್ಟಿಲಿನಲ್ಲಿ. ಅಲ್ಲೊಬ್ಬ ಹುಡುಗ ನಾಯಿ ಹಿಡಿದು ನಿಂತಿರುತ್ತಾನೆ. ಆ ಭಾಗವನ್ನು ಕಾರ್ಟೂನಿನಲ್ಲಿ ತೋರಿಸುತ್ತಾರೆ. ಒಂದು ಸಲ ಪಕ್ಕದಿಂದ ಹಾದುಹೋಗುತ್ತಾಳೆ, ಒಂದು ಸಲ ಎಡವಿ ಬೀಳುತ್ತಾಳೆ, ಒಂದು ಸಲ ಹಾರಿ ದಾಟುತ್ತಾಳೆ. ಹೆಚ್ಚುಕಡಿಮೆ ಆಗುವುದು ಕೆಲವೇ ಸೆಕೆಂಡು. ಆದರೆ ಆ ಕೆಲವು ಸೆಕೆಂಡಿನಲ್ಲಿ ದಾರಿಯಲ್ಲಿ ಸಿಗುವವರ ಬದುಕೂ ಬದಲಾಗುತ್ತದೆ. ಮಗುವಿನ ಗಾಡಿ ತಳ್ಳಿಕೊಂಡು ಹೋಗುವ ಒಬ್ಬ ಹೆಂಗಸಿದ್ದಾಳೆ. ಲೋಲಾ ಅವಳ ಪಕ್ಕ ಹಾದ ಕೂಡಲೇ ಅವಳ ಮುಂದಿನ ಬದುಕು ಪಟಪಟನೆ ಫೋಟೋಗಳ ಹಾಗೆ ಬಂದು ಹೋಗುತ್ತದೆ. ಒಂದು ಓಟದಲ್ಲಿ ಅವಳ ಮಗುವನ್ನು ಅವಳಿಂದ ಕಿತ್ತುಕೊಳ್ಳುತ್ತಾರೆ. ಇನ್ನೊಂದರಲ್ಲಿ ಲಾಟರಿ ಹೊಡೆಯುತ್ತದೆ. ಮತ್ತೊಂದರಲ್ಲಿ ದೇವರ ದಾರಿ ಹಿಡಿಯುತ್ತಾಳೆ. ಲೋಲಾಗೆ ಇದು ಯಾವುದೂ ಗೊತ್ತಿಲ್ಲ, ತಿರುಗಿಯೂ ನೋಡುವುದಿಲ್ಲ, ಓಡುತ್ತಲೇ ಇರುತ್ತಾಳೆ. ನಾನು ಈ ಸಿನಿಮಾ ನೋಡಿದ ಮಾರನೇ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಓಡುವಾಗ ಒಬ್ಬ ಅಜ್ಜನಿಗೆ ಭುಜ ತಾಗಿತು. ನಿಂತು ಸಾರಿ ಹೇಳಿದೆ. ಆಮೇಲೆ ತುಂಬ ಹೊತ್ತು ಅವರ ಬಗ್ಗೆಯೇ ಯೋಚನೆ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಮೊದಲ ಸಲ ನೋಡುವಾಗ ಜಾಸ್ತಿ ಜನ ಗಮನಿಸುವುದಿಲ್ಲ. ಮೊದಲ ಓಟದಲ್ಲಿ ಪಿಸ್ತೂಲಿನ ಲಾಕ್ ತೆಗೆಯುವುದು ಲೋಲಾಗೆ ಗೊತ್ತಿಲ್ಲ, ಮ್ಯಾನಿ ಹೇಳಿಕೊಡುತ್ತಾನೆ. ಎರಡನೆಯದರಲ್ಲಿ ಅವಳೇ ತೆಗೆಯುತ್ತಾಳೆ. ಅಂದರೆ ಹಿಂದಿನ ಬದುಕಿನ ಪಾಠ ಎಲ್ಲೋ ಅವಳ ಕೈಯಲ್ಲಿ ಉಳಿದಿದೆ. ಹಾಗಾಗಿ ಇದು ಬರೀ ಅದೃಷ್ಟದ ಕಥೆಯಾಗಿ ಉಳಿಯುವುದಿಲ್ಲ, ಹಠದ ಕಥೆಯಾಗುತ್ತದೆ. ಹಣೆಬರಹ ಒಪ್ಪದಿದ್ದರೆ ಮತ್ತೆ ಓಡು, ಇನ್ನೊಂದು ಸಲ ಓಡು. ಸುಮಾರು ಎಂಬತ್ತು ನಿಮಿಷ, ಒಂದು ಗಳಿಗೆಯೂ ಬೇಜಾರಿಲ್ಲ. ಇಂಥ ಸಿನಿಮಾ ಅಂದರೆ ತಲೆನೋವು ಅನ್ನುವ ಗೆಳೆಯರನ್ನು ಒಳಗೆ ಎಳೆದುಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ. ಇದನ್ನೇ ಗೋವಾಕ್ಕೆ ತಂದು 2022ರಲ್ಲಿ ಹಿಂದಿಯಲ್ಲಿ 'ಲೂಪ್ ಲಪೇಟಾ' ಅಂತ ಮಾಡಿದರು, ತಾಪ್ಸಿ ಪನ್ನು ಓಡುತ್ತಾರೆ. ಅದರಲ್ಲಿ ಹುಡುಗಿಯ ಹೆಸರು ಸವಿ, ಹುಡುಗನ ಹೆಸರು ಸತ್ಯ. ಸಾವಿತ್ರಿ ಸತ್ಯವಾನರನ್ನು ತಂದದ್ದು ನನಗೆ ಬಹಳ ಇಷ್ಟವಾಯಿತು. ಗಂಡನ ಪ್ರಾಣಕ್ಕೆ ಯಮನ ಬೆನ್ನು ಬಿಡದೆ ಹೋದವಳ ಕಥೆ ನಮಗೆ ಗೊತ್ತೇ ಇದೆ, ಲೋಲಾ ಮಾಡುವುದೂ ಅದನ್ನೇ. ಆದರೂ ಎರಡರಲ್ಲಿ ಒಂದೇ ನೋಡುವುದಾದರೆ ಮೂಲವನ್ನೇ ನೋಡಿ. ಹಿಂದಿಯದರಲ್ಲಿ ಪಕ್ಕದ ತಮಾಷೆ ಪಾತ್ರಗಳು ಜಾಸ್ತಿಯಾಗಿ ಓಟದ ಬಿಗಿ ಸಡಿಲವಾಗಿದೆ.

ಇಲ್ಲಿ ಒಂದು ಮಾತು. ದಿನ ಮತ್ತೆ ಮತ್ತೆ ಶುರುವಾಗುವ ಸಿನಿಮಾಗಳೂ, ನಾನು ಹೇಳುತ್ತಿರುವ ಈ ಕವಲು ಸಿನಿಮಾಗಳೂ ಒಂದೇ ಅಂತ ಸೇರಿಸಿಬಿಡುತ್ತಾರೆ. 1993ರ 'ಗ್ರೌಂಡ್‌ಹಾಗ್ ಡೇ'ಯಲ್ಲಿ ನಾಯಕನಿಗೆ ಹಿಂದಿನದೆಲ್ಲ ನೆನಪಿರುತ್ತದೆ, ಕಲಿಯುತ್ತಾನೆ, ತಿದ್ದಿಕೊಳ್ಳುತ್ತಾನೆ. ನಮಗೆ ಆ ಭಾಗ್ಯ ಇಲ್ಲ. ನಮಗೆ ಒಂದೇ ದಾರಿ ಕಾಣುತ್ತದೆ, ಉಳಿದದ್ದು ಊಹೆ. ಕವಲು ಸಿನಿಮಾಗಳು ನೋವು ಕೊಡುವುದು ಅದಕ್ಕೇ. ಪರದೆ ಮೇಲಿನವರಿಗೆ ತಾವು ಏನು ಕಳೆದುಕೊಂಡೆವು ಅಂತ ಗೊತ್ತಿಲ್ಲ, ನೋಡುತ್ತಿರುವ ನಮಗೆ ಮಾತ್ರ ಗೊತ್ತು. ಹಾಗೆಯೇ ಈ ಪಟ್ಟಿಗೆ ಕೆಲವರು ಪವನ್ ಕುಮಾರ್ ಅವರ 'ಲೂಸಿಯಾ'ವನ್ನೂ ಸೇರಿಸುತ್ತಾರೆ. 2013ರಲ್ಲಿ ಜನರಿಂದಲೇ ದುಡ್ಡು ಸೇರಿಸಿ ಮಾಡಿದ ಆ ಸಿನಿಮಾ ನಮ್ಮ ಹೆಮ್ಮೆ. ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ, ಇನ್ನೊಂದು ಕಡೆ ದೊಡ್ಡ ಸ್ಟಾರ್, ಇಬ್ಬರೂ ನೀನಾಸಂ ಸತೀಶ್. ಆದರೆ ಅಲ್ಲಿ ಕವಲು ಹುಟ್ಟುವುದು ಆಸೆಯಿಂದ, ಕನಸಿನಿಂದ. ಬಸ್ ತಪ್ಪಿದ್ದರಿಂದ ಅಲ್ಲ. ಖಂಡಿತ ನೋಡಿ, ಆದರೆ ಬೇರೆ ಹಸಿವಿಗೆ ನೋಡಿ.

ಇನ್ನು ಅಮ್ಮನ ಸಿನಿಮಾ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. 'ಬ್ಲೈಂಡ್ ಚಾನ್ಸ್', ಪೋಲೆಂಡಿನ ಕ್ರಿಸ್ಟಾಫ್ ಕೀಸ್ಲೊವ್‌ಸ್ಕಿ ಮಾಡಿದ್ದು. 1981ರಲ್ಲೇ ಮುಗಿದಿತ್ತು. ಆ ವರ್ಷ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಮಿಲಿಟರಿ ಕಾನೂನು ಜಾರಿಯಾಯಿತು, ಸಿನಿಮಾ ಕಪಾಟು ಸೇರಿತು. ಜನರ ಮುಂದೆ ಬಂದದ್ದು 1987ರಲ್ಲಿ, ಅದೂ ಕತ್ತರಿ ಪ್ರಯೋಗವಾದ ಮೇಲೆ. ಮೇಲೆ ಹೇಳಿದ ಎರಡು 1998ರ ಸಿನಿಮಾಗಳಿಗಿಂತ ಎಷ್ಟೋ ಮೊದಲೇ ಇವರು ಈ ರೈಲಿನ ಹಿಂದೆ ಓಡಿದ್ದರು. ಟೈಕ್ವರ್ ಆ ಋಣವನ್ನು ಚೆನ್ನಾಗಿಯೇ ತೀರಿಸಿದ್ದಾರೆ ಅನ್ನಬೇಕು. ಕೀಸ್ಲೊವ್‌ಸ್ಕಿ 1996ರಲ್ಲಿ ತೀರಿಹೋದರು. ಅವರು ತಮ್ಮ ಜೊತೆಗಾರ ಪಿಯೆಸಿಯೆವಿಚ್ ಜೊತೆ ಬರೆದಿಟ್ಟಿದ್ದ 'ಹೆವೆನ್' ಕಥೆಯನ್ನು 2002ರಲ್ಲಿ ಸಿನಿಮಾ ಮಾಡಿದ್ದು ಲೋಲಾಳನ್ನು ಓಡಿಸಿದ ಅದೇ ಟೈಕ್ವರ್.

ಕಥೆ ಇಷ್ಟು. ವಿಟೆಕ್ ಮೆಡಿಕಲ್ ಓದುತ್ತಿರುವ ಹುಡುಗ. ಅಪ್ಪನ ಆಸೆಗೆ ಓದುತ್ತಿದ್ದ. ಆ ಅಪ್ಪ ಸಾಯುವ ಮುಂಚೆ, ನೀನು ಇದನ್ನೇ ಮಾಡಬೇಕು ಅಂತೇನಿಲ್ಲ ಅಂತ ತಿಳಿಸಿ ಹೋಗುತ್ತಾನೆ. ಇದ್ದ ಒಂದು ಹಗ್ಗವೂ ಬಿಚ್ಚಿಹೋದ ಹಾಗೆ. ಓದಿಗೆ ರಜೆ ಹಾಕಿ ವಾರ್ಸಾ ರೈಲು ಹಿಡಿಯಲು ಸ್ಟೇಷನ್ನಿನಲ್ಲಿ ಓಡುತ್ತಾನೆ. ಓಡುವಾಗ ಒಬ್ಬ ಹೆಂಗಸಿಗೆ ತಾಗುತ್ತಾನೆ, ಅವಳ ಕೈಯಿಂದ ನಾಣ್ಯ ಬಿದ್ದು ಉರುಳುತ್ತದೆ, ಒಬ್ಬ ಅದನ್ನು ಹೆಕ್ಕಿ ಬಿಯರ್ ಕೊಳ್ಳುತ್ತಾನೆ, ಆ ಬಿಯರ್ ಹಿಡಿದವನೇ ವಿಟೆಕ್‌ನ ಓಟಕ್ಕೆ ಎದುರಾಗುತ್ತಾನೆ. ಅಲ್ಲಿಂದ ಮೂರು ಬದುಕು. ರೈಲು ಸಿಕ್ಕರೆ ಡಬ್ಬಿಯಲ್ಲಿ ಒಬ್ಬ ಹಳೆಯ ಕಮ್ಯುನಿಸ್ಟ್ ಪರಿಚಯವಾಗಿ ವಿಟೆಕ್ ಪಾರ್ಟಿ ಸೇರುತ್ತಾನೆ. ರೈಲು ತಪ್ಪಿ, ಸ್ಟೇಷನ್ ಕಾವಲುಗಾರನಿಗೆ ಡಿಕ್ಕಿ ಹೊಡೆದರೆ, ಶಿಕ್ಷೆಯ ಕೆಲಸಕ್ಕೆ ಹೋದ ಜಾಗದಲ್ಲಿ ಸರ್ಕಾರದ ವಿರೋಧಿಗಳ ಸಂಗವಾಗುತ್ತದೆ. ಕದ್ದು ಪುಸ್ತಕ ಅಚ್ಚು ಹಾಕುವವರ ಜೊತೆ ಸೇರಿ, ದೀಕ್ಷಾಸ್ನಾನ ಪಡೆದು ಕ್ಯಾಥೊಲಿಕ್ ಆಗುತ್ತಾನೆ. ರೈಲು ತಪ್ಪಿ, ಪ್ಲಾಟ್‌ಫಾರಂನಲ್ಲಿ ಜೊತೆ ಓದುವ ಓಲ್ಗಾ ಕಂಡರೆ, ಓದಿಗೆ ಮರಳಿ, ಅವಳನ್ನೇ ಮದುವೆಯಾಗಿ, ಡಾಕ್ಟರ್ ಆಗಿ, ಯಾವ ಪಕ್ಷದ ಗೊಡವೆಯೂ ಬೇಡ ಅಂತ ಇದ್ದುಬಿಡುತ್ತಾನೆ. ಮೂರರಲ್ಲೂ ಒಂದು ವಿದೇಶ ಪ್ರಯಾಣದ ಮಾತು ಬರುತ್ತದೆ. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ, ಸಿನಿಮಾದ ಮೊಟ್ಟಮೊದಲ ದೃಶ್ಯವನ್ನು ಮರೆಯದೆ ನೆನಪಿಟ್ಟುಕೊಳ್ಳಿ.

ಉಳಿದ ಸಿನಿಮಾಗಳಲ್ಲಿ ಒಂದು ರೈಲು ತಪ್ಪಿದರೆ ಬದಲಾಗುವುದು ಪ್ರೀತಿ, ದುಡ್ಡು, ಹೆಚ್ಚೆಂದರೆ ಜೀವ. ಇಲ್ಲಿ ಬದಲಾಗುವುದು ನಂಬಿಕೆ. ಇದು ನನ್ನನ್ನು ಬಹಳ ಕಾಡಿತು. ನಮ್ಮ ಊರು, ಜಾತಿ, ಅಪ್ಪ ಅಮ್ಮ ನಮ್ಮ ಆಯ್ಕೆಯಲ್ಲ ಅಂತ ಎಲ್ಲರೂ ಒಪ್ಪುತ್ತೇವೆ. ಆದರೆ ನಮ್ಮ ವಿಚಾರಗಳನ್ನು ಮಾತ್ರ ನಾವೇ ಯೋಚಿಸಿ, ತೂಗಿ ಆರಿಸಿಕೊಂಡೆವು ಅಂದುಕೊಂಡಿರುತ್ತೇವೆ. ನಾನು ಹಾಸ್ಟೆಲಿಗೆ ಸೇರಿದಾಗ ರೂಮು ಹಂಚಿದ್ದು ಅಕ್ಷರಮಾಲೆಯ ಪ್ರಕಾರ. ಹನ್ನೆರಡನೇ ರೂಮಿಗೆ ಬಿದ್ದವರು ಅಲ್ಲಿದ್ದ ಸೀನಿಯರ್ ಜೊತೆ ಒಂದು ಸಂಘಟನೆಗೆ ಹೋದರು. ಹದಿಮೂರಕ್ಕೆ ಬಿದ್ದವರು ಅದಕ್ಕೆ ಪೂರ್ತಿ ಎದುರಿನದಕ್ಕೆ. ಇಪ್ಪತ್ತು ವರ್ಷ ಆದಮೇಲೂ ಅವರು ಅಲ್ಲಲ್ಲೇ ಇದ್ದಾರೆ, ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಇಬ್ಬರೂ ಒಳ್ಳೆಯವರೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅಷ್ಟೇ ನಡೆದದ್ದು. ಆದರೆ ಮುರಿದ ಕೊಂಬೆ ಮತ್ತೆ ಕೂಡಲಿಲ್ಲ.

ಆದರೆ ವಿಟೆಕ್‌ನಲ್ಲಿ ಬದಲಾಗದೆ ಉಳಿಯುವುದೂ ಒಂದಿದೆ. ಪಾರ್ಟಿಯಲ್ಲಿರಲಿ, ಚರ್ಚಿನಲ್ಲಿರಲಿ, ಆಸ್ಪತ್ರೆಯಲ್ಲಿರಲಿ, ಅವನ ಒಳ್ಳೆಯತನ ಹಾಗೇ ಇರುತ್ತದೆ. ಮೂರು ಕಡೆಯೂ ಮನಸ್ಸಿಗೆ ಸರಿ ಕಂಡದ್ದನ್ನು ಮಾಡಲು ನೋಡುತ್ತಾನೆ, ಮೂರು ಕಡೆಯೂ ಅದಕ್ಕೆ ಬೆಲೆ ತೆರುತ್ತಾನೆ. ಬೊಗುಸ್ಲಾವ್ ಲಿಂಡಾ ಎಂಬ ನಟ ಇದನ್ನು ಮಾಡಿರುವ ರೀತಿ ನೋಡಬೇಕು. ಕೂದಲ ಬಣ್ಣ ಬದಲಾಗುವುದಿಲ್ಲ, ಅದೇ ಮುಖ, ಅದೇ ಕಣ್ಣು. ಆದರೂ ಒಂದೊಂದು ಬದುಕಿನಲ್ಲಿ ಅವನು ನಿಲ್ಲುವ ರೀತಿಯೇ ಬೇರೆ. ಮೂರು ಕಥೆ ಹೆಣೆದುಕೊಂಡಿಲ್ಲ, ಒಂದಾದ ಮೇಲೆ ಒಂದು ಬರುತ್ತದೆ, ಹಾಗಾಗಿ ಅರ್ಥವಾಗುವುದಕ್ಕೆ ಕಷ್ಟವಿಲ್ಲ. ಆದರೆ ತಾಳ್ಮೆ ಬೇಕು, ಸುಮಾರು ಎರಡು ಗಂಟೆ, ಹಾಡಿಲ್ಲ, ಓಟ ಕಡಿಮೆ, ಮಾತು ಜಾಸ್ತಿ. ಆ ಕಾಲದ ಪೋಲೆಂಡಿನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು: ಒಂದು ಕಡೆ ಕಮ್ಯುನಿಸ್ಟ್ ಸರ್ಕಾರ, ಇನ್ನೊಂದು ಕಡೆ ಚರ್ಚು ಮತ್ತು ಕಾರ್ಮಿಕರ ಹೋರಾಟ, ನಡುವೆ ನಿಂತು ಬದುಕುತ್ತೇನೆ ಅನ್ನುವವರಿಗೆ ಜಾಗ ಕಡಿಮೆ. ಸಿಕ್ಕರೆ ಈಚೆಗೆ ಸರಿಪಡಿಸಿ ಕತ್ತರಿಸಿದ ಭಾಗಗಳನ್ನು ಮತ್ತೆ ಸೇರಿಸಿದ ಪ್ರತಿಯನ್ನೇ ನೋಡಿ.

ಹಾಗಾದರೆ ನಾನು ಮನೆಯಲ್ಲಿ ಯಾರ ಪರ? ತುಂಬ ದಿನ ನಾನು 'ಮಿಸ್ಟರ್ ನೋಬಡಿ'ಯ ಪರ ಇದ್ದೆ. ಬೆಲ್ಜಿಯಂನ ಯಾಕೊ ವಾನ್ ಡಾರ್ಮೆಲ್ 2009ರಲ್ಲಿ ಮಾಡಿದ್ದು. 2092ನೇ ಇಸವಿ, ನೀಮೊ ಎಂಬ ಮುದುಕನಿಗೆ 118 ವರ್ಷ, ಭೂಮಿ ಮೇಲೆ ಸಾವು ಬರುವ ಕೊನೆಯ ಮನುಷ್ಯ ಅವನು. ಅವನ ಬದುಕಿನ ಕಥೆ ಕೇಳಲು ಬಂದವನಿಗೆ ಒಂದಕ್ಕೊಂದು ತಾಳೆಯಾಗದ ಹಲವು ಬದುಕುಗಳನ್ನು ಹೇಳುತ್ತಾನೆ. ಎಲ್ಲವೂ ಶುರುವಾಗುವುದು ಒಂದು ರೈಲ್ವೆ ಪ್ಲಾಟ್‌ಫಾರಂನಲ್ಲಿ. ಅಪ್ಪ ಅಮ್ಮ ಬೇರೆಯಾಗುತ್ತಿದ್ದಾರೆ, ಅಮ್ಮ ರೈಲು ಹತ್ತಿದ್ದಾಳೆ, ಅಪ್ಪ ಕೆಳಗೆ ನಿಂತಿದ್ದಾನೆ, ಒಂಬತ್ತು ವರ್ಷದ ಹುಡುಗ ಯಾರ ಜೊತೆ ಹೋಗಬೇಕು? ಆ ದೃಶ್ಯವನ್ನು ನನಗೆ ಒಣಗಣ್ಣಿನಲ್ಲಿ ನೋಡಲು ಆಗಿಲ್ಲ. ಮುಂದೆ ಮೂವರು ಹೆಂಗಸರು, ಆನಾ, ಎಲೀಸ್, ಜೀನ್. ಕೆಂಪು, ನೀಲಿ, ಹಳದಿ, ಒಬ್ಬೊಬ್ಬರ ಬದುಕಿಗೂ ಒಂದೊಂದು ಬಣ್ಣ. ಗೊಂದಲವಾದಾಗ ಬಣ್ಣ ನೋಡಿಕೊಳ್ಳಿ. ಜೀನ್ ಜೊತೆಗಿನ ಬದುಕಿನಲ್ಲಿ ನೀಮೊ ಎಲ್ಲವನ್ನೂ ನಾಣ್ಯ ಚಿಮ್ಮಿ ತೀರ್ಮಾನ ಮಾಡುತ್ತಾನೆ, ಹಣ ಬೇಕಾದಷ್ಟಿದೆ, ಒಳಗೆ ಏನೂ ಇಲ್ಲ.

ಈ ಸಿನಿಮಾ ಶುರುವಾಗುವುದು ಒಂದು ಪಾರಿವಾಳದಿಂದ. ಆಗಾಗ ತಾನಾಗಿಯೇ ಕಾಳು ಬೀಳುವ ಪೆಟ್ಟಿಗೆಯಲ್ಲಿ ಅದನ್ನು ಇಟ್ಟರೆ, ಕಾಳು ಬಿದ್ದ ಗಳಿಗೆಯಲ್ಲಿ ರೆಕ್ಕೆ ಬಡಿದಿದ್ದರೆ, ರೆಕ್ಕೆ ಬಡಿದದ್ದಕ್ಕೇ ಕಾಳು ಬಂತು ಅಂತ ನಂಬುತ್ತದೆಯಂತೆ. ನಮ್ಮ ಕಾಗೆ ಕೊಂಬೆಯೇ. ಕಾಗೆ ಕೂತದ್ದಕ್ಕೇ ತಾಳೆಹಣ್ಣು ಬಿತ್ತು ಅನ್ನುವ ಕಾಕತಾಳೀಯವನ್ನು ಆ ಪಾರಿವಾಳ ಮಾಡಿ ತೋರಿಸುತ್ತದೆ. ಇನ್ನೊಂದು ಕಡೆ ಪ್ರೀತಿಸಿದವಳ ಫೋನ್ ನಂಬರ್ ಬರೆದ ಚೀಟಿ ಮೇಲೆ ಒಂದೇ ಒಂದು ಮಳೆಹನಿ ಬಿದ್ದು ಅಂಕಿಗಳು ಕಲಸಿಹೋಗುತ್ತವೆ. ಆ ಹನಿ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋದರೆ, ಬ್ರೆಜಿಲ್‌ನಲ್ಲಿ ಕೆಲಸ ಕಳೆದುಕೊಂಡ ಒಬ್ಬ ಮನೆಯಲ್ಲಿ ಮೊಟ್ಟೆ ಬೇಯಿಸಿದ್ದಕ್ಕೆ ಮುಟ್ಟುತ್ತದೆ.

ಎರಡು ಗಂಟೆಗೂ ಜಾಸ್ತಿ ಇದೆ, ಎಲ್ಲ ಕಥೆಗಳೂ ಕಲಸಿಕೊಂಡಿವೆ, ಮಂಗಳ ಗ್ರಹಕ್ಕೂ ಹೋಗಿ ಬರುತ್ತದೆ. ಯಾವ ಬದುಕೂ ತಪ್ಪಲ್ಲ, ಎಲ್ಲವೂ ಅಷ್ಟೇ ನಿಜ ಅನ್ನುವುದು ಅದರ ಮಾತು. ಯಾವ ಕೆಲಸ, ಯಾವ ಊರು ಅಂತ ತೀರ್ಮಾನವಾಗದೆ ನಿಂತಿರುವ ವಯಸ್ಸಿನಲ್ಲಿ ಇದು ದೊಡ್ಡ ಸಮಾಧಾನ ಕೊಟ್ಟಿತ್ತು. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಮತ್ತೆ ನೋಡಿದಾಗ ಹಾಗೆ ಅನ್ನಿಸಲಿಲ್ಲ. ಎಲ್ಲ ಬದುಕೂ ಸಮ ಅಂದರೆ ಮಗಳಿಲ್ಲದ ಬದುಕೂ ಇದಕ್ಕೆ ಸಮವೇ? ಒಪ್ಪಲು ಆಗಲಿಲ್ಲ. ಹಾಗಾಗಿ ಇದನ್ನು ಇಪ್ಪತ್ತು ಇಪ್ಪತ್ತೈದರ ವಯಸ್ಸಿನವರಿಗೆ ಮನಸಾರೆ ಹೇಳುತ್ತೇನೆ, ಮಿಕ್ಕವರಿಗೆ ಎರಡನೇ ಸಾಲಿನಲ್ಲಿ.

ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. 'ದಿ ಬಟರ್‌ಫ್ಲೈ ಎಫೆಕ್ಟ್' 2004ರದು, ಹಳೇ ಡೈರಿ ಓದಿ ಹಿಂದಕ್ಕೆ ಹೋಗಿ ತಪ್ಪು ತಿದ್ದುವ ಕಥೆ. ಕ್ರೌರ್ಯ ಜಾಸ್ತಿ, ಮಕ್ಕಳ ಮುಂದೆ ಬೇಡ. ಫ್ರಾನ್ಸಿನ ಅಲೇನ್ ರೆನೆ 1993ರಲ್ಲಿ ಮಾಡಿದ 'ಸ್ಮೋಕಿಂಗ್', 'ನೋ ಸ್ಮೋಕಿಂಗ್' ಅನ್ನುವ ಜೋಡಿ ಇದೆ. ಒಬ್ಬ ಹೆಂಗಸು ಒಂದು ಸಿಗರೇಟು ಸೇದಿದರೆ ಒಂದು ಸಿನಿಮಾ, ಸೇದದಿದ್ದರೆ ಇನ್ನೊಂದು. ಎಲ್ಲ ಪಾತ್ರಗಳನ್ನೂ ಇಬ್ಬರೇ ಮಾಡುತ್ತಾರೆ. ನಾಟಕ ಮಾಡುವ ಗೆಳೆಯರಿದ್ದರೆ ತಪ್ಪದೆ ತೋರಿಸಿ. ಅಮೆರಿಕದ 'ಇಟ್ಸ್ ಎ ವಂಡರ್‌ಫುಲ್ ಲೈಫ್' 1946ರ ಕಪ್ಪು ಬಿಳುಪು ಸಿನಿಮಾ, ಸಾಯಲು ಹೊರಟವನಿಗೆ ಅವನು ಹುಟ್ಟಿಯೇ ಇರದಿದ್ದರೆ ಊರು ಹೇಗಿರುತ್ತಿತ್ತು ಅಂತ ಒಬ್ಬ ದೇವದೂತ ತೋರಿಸುತ್ತಾನೆ. ನನ್ನಿಂದ ಯಾರಿಗೂ ಏನೂ ಆಗಲಿಲ್ಲ ಅಂತ ಕುಗ್ಗಿರುವ ಯಾರಾದರೂ ನಿಮಗೆ ಗೊತ್ತಿದ್ದರೆ ಅವರ ಪಕ್ಕ ಕೂತು ಇದನ್ನು ನೋಡಿ. ಒಬ್ಬರನ್ನೇ ನೋಡಲು ಬಿಡಬೇಡಿ, ಮೊದಲರ್ಧ ಭಾರ ಇದೆ. 2022ರ 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಏಳು ಆಸ್ಕರ್ ಪಡೆದದ್ದು ಎಲ್ಲರಿಗೂ ಗೊತ್ತು. ಬಟ್ಟೆ ಒಗೆಯುವ ಅಂಗಡಿ ನಡೆಸುವ ಚೀನೀ ಮೂಲದ ಒಬ್ಬ ತಾಯಿ, ತಾನು ಆಗಬಹುದಾಗಿದ್ದ ಎಲ್ಲವನ್ನೂ ನೋಡುತ್ತಾಳೆ, ಅವಳ ಗಂಡನ ಜೊತೆ ಮನೆ ಬಿಟ್ಟು ಬರದಿದ್ದರೆ ಆಗುತ್ತಿದ್ದ ಸಿನಿಮಾ ತಾರೆಯನ್ನೂ ಸೇರಿಸಿ. ಗಲಾಟೆ ಬಹಳ. ಆದರೆ ಊರು ಬಿಟ್ಟು ಹೋಗಿ ಅಲ್ಲೇ ಮಕ್ಕಳನ್ನು ಬೆಳೆಸಿದ ನಮ್ಮ ಜನ, ಅಮೆರಿಕದಲ್ಲೋ ದುಬೈಯಲ್ಲೋ ಇರುವವರು, ಇದನ್ನು ಮಕ್ಕಳ ಜೊತೆ ನೋಡಿದರೆ ಆ ರಾತ್ರಿ ಮನೆಯಲ್ಲಿ ಮಾತು ಬೇಗ ಮುಗಿಯುವುದಿಲ್ಲ.

ಹೊಸಬರಿಗೆ ನನ್ನ ಸಲಹೆ ಹೀಗೆ. ಲೋಲಾಳಿಂದ ಶುರು ಮಾಡಿ, ಅದು ಬಾಗಿಲು ತೆರೆಯುತ್ತದೆ. ಆಮೇಲೆ ಮನೆಮಂದಿ ಜೊತೆ 'ಸ್ಲೈಡಿಂಗ್ ಡೋರ್ಸ್' ಅಥವಾ '12ಬಿ', ಎರಡೂ ಬೇಕಿಲ್ಲ. ಅದಾದ ಮೇಲೆ ಕೆಲವು ದಿನ ಬಿಡುವು ಕೊಟ್ಟು, ಒಬ್ಬರೇ ಇರುವ ಒಂದು ಸಂಜೆ 'ಬ್ಲೈಂಡ್ ಚಾನ್ಸ್' ನೋಡಿ. ಮೊದಲೇ ಅದನ್ನು ನೋಡಿಬಿಟ್ಟರೆ ಉಳಿದವು ತೆಳುವಾಗಿ ಕಾಣುತ್ತವೆ, ಅದು ಅವುಗಳಿಗೆ ಮಾಡುವ ಅನ್ಯಾಯ. ಇತ್ತೀಚೆಗೆ ಏನನ್ನಾದರೂ ಕಳೆದುಕೊಂಡಿದ್ದರೆ, ಸಾವೋ, ಸಂಬಂಧವೋ, ಕೆಲಸವೋ, ಸದ್ಯಕ್ಕೆ ಈ ಯಾವುದನ್ನೂ ನೋಡಬೇಡಿ. ಆಗ ಮನಸ್ಸು ತಾನಾಗಿಯೇ 'ಹಾಗಾಗಿದ್ದರೆ, ಹೀಗಾಗಿದ್ದರೆ' ಅಂತ ರಾತ್ರಿಯೆಲ್ಲ ಓಡುತ್ತಿರುತ್ತದೆ, ಅದಕ್ಕೆ ಸಿನಿಮಾ ಬೇರೆ ಬೇಕಾಗಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಅಮ್ಮನಿಗೆ 'ಬ್ಲೈಂಡ್ ಚಾನ್ಸ್' ಹಾಕಿದೆ. ಇಂಗ್ಲಿಷ್ ಸಬ್‌ಟೈಟಲ್ ಅಮ್ಮನಿಗೆ ಓದಲು ಕಷ್ಟ, ಹಾಗಾಗಿ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ. ನಾಣ್ಯ ಉರುಳಿ, ಅದನ್ನು ಹೆಕ್ಕಿದವನು ಬಿಯರ್ ಕೊಳ್ಳುವ ದೃಶ್ಯ ಮೂರನೇ ಸಲ ಬಂದಾಗ ಅಪ್ಪ ಇದ್ದಕ್ಕಿದ್ದ ಹಾಗೆ "ಸ್ವಲ್ಪ ನಿಲ್ಸು" ಅಂದರು. ನಿಲ್ಲಿಸಿದೆ.

"ಅವತ್ತು ಆ ಮೇಷ್ಟ್ರು ದಾರೀಲಿ ಯಾಕೆ ನಿಂತಿದ್ರು ಗೊತ್ತಾ?" ಅಂದರು. "ಕೆಸರಲ್ಲಿ ಅವರ ಚಪ್ಪಲಿ ಉಂಗುಷ್ಠ ಕಿತ್ತುಹೋಗಿತ್ತು. ಪಿನ್ನು ಹುಡುಕ್ತಾ ನಿಂತಿದ್ರು. ಇಂಟರ್‌ವ್ಯೂ ಕಾಗದಕ್ಕೆ ಹಾಕಿದ್ದ ಪಿನ್ನು ತೆಗೆದು ನಾನೇ ಕೊಟ್ಟೆ."

ಅಮ್ಮ ಅಪ್ಪನನ್ನೇ ನೋಡುತ್ತಾ ಕೂತಿದ್ದರು. ನಲವತ್ತು ವರ್ಷದ ಮೇಲೆ, ನೂರು ಸಲ ಹೇಳಿದ ಕಥೆಯಲ್ಲಿ, ಈ ಪಿನ್ನಿನ ವಿಷಯ ಅವರೂ ಕೇಳಿರಲಿಲ್ಲ.